ಅತ್ತಿಗೆ ಹೆಕ್ಕಿದ ಹಣ್ಣು

ನನ್ನ ಕೆಲಸ ಹುಳ ಸಾಕುವುದು. ಹೀಗೆಂದ ಕೂಡಲೇ ಮೂಗು ಮುರಿಯುವವರೇ ಹೆಚ್ಚು. ಮುರಿದುಕೊಳ್ಳಲಿ, ಅವರವರ ಮೂಗು. ಟೊಮೆಟೊ ಹೆಚ್ಚುವಾಗ ಒಳಗಿನಿಂದ ಹಸಿರು ಹುಳವೊಂದು ತಲೆ ಎತ್ತಿದರೆ ಕಿಟಾರನೆ ಕಿರುಚುತ್ತೀರಲ್ಲ, ಅದೇ ಹುಳ. ಅದನ್ನು ನಾನು ಬೇಕೆಂದೇ ಸಾವಿರಗಟ್ಟಲೆ ಬೆಳೆಸುತ್ತೇನೆ. ಏಕೆಂದರೆ ಅದನ್ನು ಕೊಲ್ಲುವ ಕಣಜಗಳನ್ನು ಸಾಕಬೇಕಾದರೆ ಅವಕ್ಕೆ ಈ ಹುಳವೇ ಬೇಕು. ಕಣಜ ಎಂದರೆ ಸೂರಿನಡಿ ಗೂಡು ಕಟ್ಟಿ ಕುಟುಕುವ ಆ ದೊಡ್ಡದಲ್ಲ. ಇವು ಅಕ್ಕಿಯ ನುಚ್ಚಿನಷ್ಟು ಪುಟ್ಟವು, ಮನುಷ್ಯರ ತಂಟೆಗೆ ಬರುವುದಿಲ್ಲ. ಹೆಣ್ಣು ಕಣಜ ಹುಳದ ಮೈಗೆ ಸೂಜಿ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಮರಿ ಹುಳವನ್ನು ಒಳಗಿನಿಂದಲೇ ತಿಂದು ಮುಗಿಸಿ, ಹೊರಗೆ ಬಂದು ಗೂಡು ನೇಯ್ದುಕೊಂಡು, ಆಮೇಲೆ ಕಣಜವಾಗಿ ಹಾರುತ್ತದೆ. ಅವನ್ನು ಡಬ್ಬಿಗಳಲ್ಲಿ ತುಂಬಿ ತೋಟಗಳಿಗೆ ಕಳಿಸುವುದು ನಮ್ಮ ಕೇಂದ್ರದ ಕಸುಬು.

ಆದರೆ ನಾನು ಹೇಳಹೊರಟಿರುವುದು ನನ್ನ ವಿಷಯವಲ್ಲ, ನನ್ನ ಅತ್ತಿಗೆಯ ವಿಷಯ. ಅಣ್ಣನ ಹೆಂಡತಿ. ಅವರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ, ಅವರಂತೂ ಬಾಯಿ ಬಿಡುವವರೇ ಅಲ್ಲ. ಹಾಗಾಗಿ ಈ ಬಾಯಿಬಡುಕಿಯೇ ಹೇಳಬೇಕು.

ನಮ್ಮ ಕೇಂದ್ರದಲ್ಲಿ ಒಂದೇ ಓಣಿಯಂಥ ಹಾದಿ, ಅದರುದ್ದಕ್ಕೂ ಮೂರು ಕೋಣೆ. ನಡುವಿನದು ನನ್ನ ಹುಳದ ಕೋಣೆ. ಬಲಕ್ಕೆ ಕೆಂಪು ಕಣಜದ ಕೋಣೆ, ಅದು ನನ್ನ ಸ್ವಂತ ಅಕ್ಕನ ಸಾಮ್ರಾಜ್ಯ. ಎಡಕ್ಕೆ ಕಪ್ಪು ಕಣಜದ ಕೋಣೆ, ಅದು ಅತ್ತಿಗೆಯದು. ಎರಡೂ ಕಣಜಕ್ಕೆ ಬೇಕಾದದ್ದು ನನ್ನ ಹುಳವೇ. ಬೆಳಗಾದರೆ ಆ ಬಾಗಿಲಲ್ಲಿ ಅಕ್ಕ ತಟ್ಟೆ ಹಿಡಿದು ನಿಂತಿರುತ್ತಾಳೆ, ಈ ಬಾಗಿಲಲ್ಲಿ ಅತ್ತಿಗೆ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ ಎನ್ನುತ್ತಾರಲ್ಲ, ಅದು ನಾನು.

"ನನಗೆ ಕೊಬ್ಬಿದ ಹುಳ ಕೊಡೇ, ಆ ಬಡಕಲು ನನಗೆ ಬೇಡ" ಎಂದು ಅಕ್ಕ ಕೂಗುತ್ತಾಳೆ. ಅತ್ತಿಗೆ ಕೂಗುವುದಿಲ್ಲ. "ಎಷ್ಟು ಉಳೀತೋ ಅಷ್ಟು ಕೊಡು ಪುಟ್ಟಿ" ಎನ್ನುತ್ತಾರೆ. ನನಗೆ ಐವತ್ತು ದಾಟಿದೆ, ಕೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದೇನೆ. ಆದರೂ ಅವರಿಗೆ ನಾನು ಪುಟ್ಟಿಯೇ.

ಕಣಜಗಳ ಸ್ವಭಾವವೂ ಸಾಕಿದವರ ಹಾಗೇ ಎಂದು ನಾನು ತಮಾಷೆ ಮಾಡುವುದುಂಟು. ಕೆಂಪು ಕಣಜ ಗಟ್ಟಿಗಿತ್ತಿ. ಕಣ್ಣಿಗೆ ಬಿದ್ದ ಹುಳವನ್ನು ಬಿಡುವುದಿಲ್ಲ. ಕೆಂಪು, ಕಪ್ಪು ಎರಡೂ ಒಂದೇ ಹುಳಕ್ಕೆ ಮೊಟ್ಟೆ ಇಟ್ಟವೆಂದರೆ ಮುಗಿಯಿತು, ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ. ಕೆಂಪಿನ ಮರಿಗೆ ಹುಟ್ಟುತ್ತಲೇ ಚೂಪಾದ ದವಡೆ. ಹುಳದ ಹೊಟ್ಟೆಯೊಳಗೇ ಕಪ್ಪಿನ ಮರಿಯನ್ನು ಹುಡುಕಿ ಕಚ್ಚಿ ಸಾಯಿಸಿ, ಆಮೇಲೆ ನಿಧಾನವಾಗಿ ಊಟಕ್ಕೆ ಕೂರುತ್ತದೆ. ಕಪ್ಪಿಗೆ ಇರುವುದೆಲ್ಲ ಒಂದೇ ಆಸ್ತಿ, ಹಿಂದಿನ ಉದ್ದನೆಯ ಸೂಜಿ. ಹಣ್ಣಿನ ಸಿಪ್ಪೆಯನ್ನೂ ತೂರಿ ಒಳಗಿರುವ ಹುಳವನ್ನು ಚುಚ್ಚಬಲ್ಲದು. ಅದಕ್ಕೇ ಅತ್ತಿಗೆ ತಮ್ಮ ಕೋಣೆಯಲ್ಲಿ ಹುಳಗಳನ್ನು ಹಣ್ಣಿನ ಹೋಳುಗಳ ನಡುವೆ ಬಚ್ಚಿಟ್ಟು ಕೊಡುತ್ತಿದ್ದರು. ಬಯಲಲ್ಲಿ ಇಟ್ಟರೆ ಆ ಕಪ್ಪುಗಳಿಗೆ ನಾಚಿಕೆಯೋ ಏನೋ, ಹತ್ತಿರವೂ ಸುಳಿಯವು.

ಅತ್ತಿಗೆ ನಮ್ಮ ಮನೆಗೆ ಬಂದ ಹೊಸದರಲ್ಲಿ ನಮಗೆಲ್ಲ ಅವರು ಒಂದು ಒಗಟು. ಉದ್ದಕ್ಕಿದ್ದರು, ಬಾಗಿಲು ಚಿಕ್ಕದಿತ್ತು, ದಿನಕ್ಕೊಮ್ಮೆಯಾದರೂ ಹಣೆ ಬಡಿಸಿಕೊಳ್ಳುತ್ತಿದ್ದರು. ಹಾಸ್ಯ ಮಾಡಿದರೆ ಎಲ್ಲರೂ ನಕ್ಕು ಮುಗಿದ ಮೇಲೆ ಒಬ್ಬರೇ ನಗುತ್ತಿದ್ದರು. ಅಣ್ಣನೋ, ಶುದ್ಧ ಸೋಂಬೇರಿ, ದಿನವೆಲ್ಲ ರೇಡಿಯೊ ಬಿಚ್ಚಿ ಜೋಡಿಸುವುದೇ ಕೆಲಸ. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿದೇ ಇರುತ್ತಿತ್ತು. ಮನೆ ನಡೆಯಬೇಕಲ್ಲ? ಅಕ್ಕನೇ ಹೇಳಿ ಅತ್ತಿಗೆಯನ್ನು ಕೇಂದ್ರಕ್ಕೆ ಸೇರಿಸಿದಳು. ಅದನ್ನು ಅಕ್ಕ ಎಂದೂ ಮರೆಯಲಿಲ್ಲ, ಮರೆಯಲು ಬಿಡಲೂ ಇಲ್ಲ.

ಸೇರಿದ ಹೊಸದರಲ್ಲೇ ಒಂದು ಅನಾಹುತವಾಯಿತು. ಹುಳ ಸಾಕುವ ಜಾಗದಲ್ಲಿ ಇರುವೆ ಎಂದರೆ ಕಳ್ಳ, ದರೋಡೆಕೋರ, ಯಮ, ಎಲ್ಲ ಸೇರಿದ್ದು. ಅತ್ತಿಗೆಯ ಕೋಣೆಯಲ್ಲಿ ಒಂದು ಟೊಮೆಟೊ ಉರುಳಿ ಕಪಾಟಿನ ಹಿಂದೆ ಬಿದ್ದಿತ್ತು. ಆಮೇಲೆ ತೆಗೆದರಾಯಿತು ಎಂದುಕೊಂಡು ಇವರು ಮನೆಗೆ ಬಂದರು. ಬೆಳಿಗ್ಗೆ ನೋಡಿದರೆ ಕಿಟಕಿಯಿಂದ ಹಣ್ಣಿಗೆ, ಹಣ್ಣಿನಿಂದ ಕಪಾಟಿಗೆ ಇರುವೆಯ ಸಾಲು. ಒಂದು ಸಾಲಿನ ಪಂಜರಗಳಲ್ಲಿ ಒಂದು ಗೂಡೂ ಉಳಿದಿರಲಿಲ್ಲ. ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲಿ. ಎಲ್ಲರೆದುರೇ ಶುರು ಮಾಡಿದಳು.

"ಬಿದ್ದ ಹಣ್ಣು ಎತ್ತಿ ಹಾಕೋಕೂ ಬರಲ್ವೇನೇ ನಿಂಗೆ? ಇಷ್ಟುದ್ದ ಬೆಳೆದಿದ್ದೀಯಲ್ಲ, ಬಗ್ಗೋಕೆ ಏನು ದಾಡಿ? ನಿನ್ನ ಇಲ್ಲಿ ಸೇರಿಸಿ ನನ್ನ ಮಾನ ಹೋಯ್ತು!"

ಅತ್ತಿಗೆ ಬಗ್ಗಿದರು, ಹಣ್ಣು ಎತ್ತಿದರು, ಕಸದ ಡ್ರಮ್ಮಿಗೆ ಹಾಕಿ ಬಂದರು. ಅಂದಿನಿಂದ ಬಿದ್ದ ಹಣ್ಣು ಕಂಡರೆ ಅವರ ಬೆನ್ನು ತಾನಾಗಿಯೇ ಬಾಗುತ್ತಿತ್ತು. ಕೇಂದ್ರದಲ್ಲಿ ಮಾತ್ರವಲ್ಲ, ಎಲ್ಲೆಂದರಲ್ಲಿ. ಬಸ್ಸಿನಲ್ಲಿ ಯಾರದೋ ಚೀಲದಿಂದ ನಿಂಬೆಹಣ್ಣು ಉರುಳಿದರೆ ನಮ್ಮ ಅತ್ತಿಗೆ ಸೀಟಿನಡಿ. ಅಣ್ಣ ಅದನ್ನು ಹೇಳಿ ಹೇಳಿ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ, ಅವತ್ತು ಅವರ ಮುಖ ನೋಡಿದ್ದೆನಲ್ಲ.

ಆ ಕಪ್ಪು ಕಣಜಗಳನ್ನು ಅವರು ಸಾಕಿದ ಬಗೆಯನ್ನು ನೀವು ನೋಡಬೇಕಿತ್ತು. ಹತ್ತಿಯ ಉಂಡೆಯನ್ನು ಜೇನುತುಪ್ಪದ ನೀರಿನಲ್ಲಿ ಅದ್ದಿ, ಹಿಂಡಿ, ಅಂಗೈಗೆ ಒತ್ತಿ ನೋಡಿ ಆಮೇಲೆ ಪಂಜರದೊಳಗೆ ಇಡುತ್ತಿದ್ದರು. ಹನಿ ತೊಟ್ಟಿಕ್ಕಿದರೆ ಅವುಗಳ ಕಾಲು ಅಂಟಿಕೊಳ್ಳುತ್ತದಂತೆ. ಮನೆಯಲ್ಲಿ ಮಾತಿಲ್ಲದ ಹೆಂಗಸು ಇಲ್ಲಿ ಪಂಜರಕ್ಕೆ ಬಾಯಿ ಹಚ್ಚಿ ಏನೇನೋ ಗುನುಗುತ್ತಿದ್ದರು. ಆ ಕಣಜಗಳ ಮೂಲ ದೂರದ ಒಂದು ಹಳೆಯ ತೋಟ. ಆ ತೋಟ ಈಗಿಲ್ಲ, ಅದನ್ನು ಕಡಿದು ಕಟ್ಟಡ ಎಬ್ಬಿಸಿದ್ದಾರೆ. ಬೇರೆಲ್ಲೂ ಅವು ಸಿಕ್ಕಿದ ಸುದ್ದಿ ಇಲ್ಲ. ಅತ್ತಿಗೆಯ ಕೋಣೆಯಲ್ಲಿ ಇದ್ದಷ್ಟೇ ಇದ್ದದ್ದು.

ಹೀಗಿರುವಾಗ ಕೇಂದ್ರದ ಮುಖ್ಯಸ್ಥೆಯಾಗಿ ಹೊಸ ಮೇಡಂ ಬಂದರು. ಚಿಕ್ಕ ವಯಸ್ಸು, ಚುರುಕು ಕಣ್ಣು, ಒಳ್ಳೆಯವರೇ. ಎಲ್ಲ ಕೋಣೆ ನೋಡಿ ನನ್ನ ಬಳಿ ಬಂದು, "ನೀವು ಸಾಕೋ ಹುಳ ಎರಡಕ್ಕೂ ಸಾಲ್ತಾ ಇಲ್ಲ ಅಲ್ವಾ?" ಎಂದರು. ಸಾಲುತ್ತಿರಲಿಲ್ಲ, ನಿಜ. ತೋಟಗಳ ಬೇಡಿಕೆ ಏರಿತ್ತು, ನನ್ನ ಕೋಣೆ ಹಿಗ್ಗಿರಲಿಲ್ಲ.

"ಎರಡನ್ನೂ ಅರೆಹೊಟ್ಟೆಯಲ್ಲಿ ಸಾಕೋದಕ್ಕಿಂತ, ಒಂದನ್ನೇ ಹೊಟ್ಟೆತುಂಬ ಸಾಕೋಣ. ಯಾವುದು ಗೆಲ್ಲುತ್ತೋ ಅದು ಇರಲಿ" ಎಂದರು ಮೇಡಂ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಮಾತುಂಟು. ಇಲ್ಲಿ ಕೂಸಿನ ಬಡತನದಿಂದಲೇ ಜಗಳ ಹುಟ್ಟಿತು. ಅಂದು ಮಧ್ಯಾಹ್ನ ಮೂವರೂ ಎಂದಿನಂತೆ ಊಟದ ಡಬ್ಬಿ ಬಿಚ್ಚಿ ಕೂತೆವು. ಅಕ್ಕನಿಗೆ ಒಳಗೊಳಗೇ ಖುಷಿ. ಕಪ್ಪು ಹೋದರೆ ಹುಳವೆಲ್ಲ ಅವಳದು, ಎಡಗಡೆಯ ದೊಡ್ಡ ಕಿಟಕಿಯ ಕೋಣೆಯೂ ಅವಳದು. ಆ ಕಿಟಕಿಯ ಮೇಲೆ ಅವಳಿಗೆ ಎಂದಿನಿಂದಲೂ ಕಣ್ಣು. ಅವಳ ಕೋಣೆ ಕತ್ತಲು, ಕಣ್ಣು ಬೇರೆ ಮಂಜಾಗುತ್ತಿತ್ತು, ಪಾಪ. ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರು.

"ಪುಟ್ಟಿ, ಸೋತ್ರೆ ಅವನ್ನ ಏನ್ಮಾಡ್ತಾರೆ?"

ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬೇಡವಾದ ಕಣಜಗಳನ್ನು ಬಾಗಿಲಾಚೆ ಬಿಡುವಂತಿಲ್ಲ. ಅವು ತಿರುಗಿ ಒಳಗೆ ನುಗ್ಗಿ ನನ್ನ ಹುಳವನ್ನೆಲ್ಲ ಕೆಡಿಸುತ್ತವೆ. ಪಂಜರ ಸಮೇತ ಫ್ರೀಜರಿನಲ್ಲಿ ಇಡುವುದೇ ನಿಯಮ. ನಾನು, "ಮೊದಲು ಊಟ ಮಾಡಿ ಅತ್ತಿಗೆ, ಸೋತಾಗ ನೋಡೋಣ" ಎಂದು ಗದರಿದೆ. ಅಳು ಬಂದಾಗ ನಾನು ಗದರುವುದೇ ಹೆಚ್ಚು.

ಮೇಡಂ ಮೋಸದ ಪಂದ್ಯ ಇಡಲಿಲ್ಲ, ಅದನ್ನು ಹೇಳಲೇಬೇಕು. ಹಿತ್ತಿಲಿನ ಬಲೆಮನೆಯಲ್ಲಿ, ಅಂದರೆ ನಾಲ್ಕೂ ಕಡೆ ಸಣ್ಣ ಕಣ್ಣಿನ ಬಲೆ ಬಿಗಿದ ಮನೆಯಲ್ಲಿ, ಕಾಯಿ ಹಣ್ಣು ತುಂಬಿದ ಟೊಮೆಟೊ ಗಿಡಗಳಿದ್ದವು. ಅಲ್ಲಿ ನನ್ನ ಹುಳಗಳನ್ನು ಬಿಡಿಸಿದರು. ಕೆಲವು ಎಲೆಯ ಮೇಲೆ ಉಳಿದವು, ಕೆಲವು ಹಣ್ಣು ಕೊರೆದು ಒಳಗೆ ಸೇರಿದವು. ತೋಟದಲ್ಲಿ ಹೇಗೋ ಹಾಗೆ. ಆಮೇಲೆ ಎರಡೂ ಕಣಜಗಳನ್ನು ಸರಿಸಮವಾಗಿ ಬಿಟ್ಟರು. "ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ನೀರು ಹಾಕಿ ಬನ್ನಿ. ಗಿಡ ಮಾತ್ರ ಯಾರೂ ಮುಟ್ಟಬೇಡಿ" ಎಂದು ಹೇಳಿದರು. ಬೆಳಗಿನ ಸರದಿ ಅತ್ತಿಗೆಯದು, ಸಂಜೆಯದು ಅಕ್ಕನದು.

ಅತ್ತಿಗೆ ಆ ದಿನಗಳಲ್ಲಿ ಉಸಿರು ಬಿಗಿಹಿಡಿದುಕೊಂಡೇ ಓಡಾಡಿದರು. ಗಿಡಕ್ಕೆ ಸೆರಗು ತಾಗೀತೆಂದು ಬಿಗಿಯಾಗಿ ಸೊಂಟಕ್ಕೆ ಸುತ್ತಿಕೊಂಡು, ಕಾಲ್ಬೆರಳ ಮೇಲೆ ನಡೆದು ನೀರು ಹಾಕಿ ಬರುತ್ತಿದ್ದರು. ಅಕ್ಕ ಸಂಜೆ ಹೋಗಿ ಬಂದು, "ನೆಲ ಕನ್ನಡಿ ಹಾಗಿದೆ ಕಣೇ. ಅಂತೂ ನಿಮ್ಮತ್ತಿಗೆಗೆ ಬುದ್ಧಿ ಬಂತು" ಎಂದು ಮೆಚ್ಚಿದಳು. ಅಕ್ಕ ಮೆಚ್ಚುವುದು ಅಪರೂಪ. ನಾನು ಆ ಮಾತನ್ನು ಅತ್ತಿಗೆಗೆ ತಲುಪಿಸಿದೆ. ಅವರು ಹಣೆಯಿಂದ ಕುತ್ತಿಗೆವರೆಗೂ ಕೆಂಪಾದರು.

ಕೊನೆಗೆ ಮೇಡಂ ಗಿಡಗಳಲ್ಲಿದ್ದ ಹುಳವನ್ನೆಲ್ಲ, ಹಣ್ಣಿನಲ್ಲಿದ್ದವನ್ನೂ ಸೇರಿಸಿ, ಆರಿಸಿ ತಂದು ಒಂದೊಂದನ್ನೂ ಪುಟ್ಟ ಲೋಟದಲ್ಲಿಟ್ಟು ಕಾದರು. ಲೋಟದಿಂದ ಲೋಟಕ್ಕೆ ಕೆಂಪೇ ಕೆಂಪು. ಕಪ್ಪು ಅಲ್ಲೊಂದು ಇಲ್ಲೊಂದು, ಸಾಲಕ್ಕೆ ಬಂದವರ ಹಾಗೆ. ಮೇಡಂ ಹುಬ್ಬು ಗಂಟಿಕ್ಕಿ ಎರಡು ಸಲ ನೋಡಿದರು. ಅವರಿಗೂ ಇಷ್ಟು ಏಕಪಕ್ಷೀಯವಾಗುತ್ತದೆ ಎಂದು ಅನ್ನಿಸಿರಲಿಲ್ಲ. ಆದರೆ ಲೆಕ್ಕ ಲೆಕ್ಕವೇ.

"ಫ್ರೀಜರಿಗೆ ಇಡೋದನ್ನ ಬೇರೆಯವರ ಕೈಲಿ ಮಾಡಿಸ್ತೀನಿ, ನೀವು ಮನೆಗೆ ಹೋಗಿ" ಎಂದರು ಮೇಡಂ.

"ಬೇಡ ಮೇಡಂ, ನಾನೇ ಇಡ್ತೀನಿ. ಬೇರೆಯವರು ಪಂಜರ ಅಲ್ಲಾಡಿಸ್ತಾರೆ."

ಇಡುವ ಮೊದಲು ಎಲ್ಲ ಪಂಜರಗಳಿಗೂ ಹೊಸ ಜೇನುತುಪ್ಪ ಇಟ್ಟರು. ಸಾಯುವುದಕ್ಕೆ ಹೊರಟವಕ್ಕೆ ಊಟ! ನನಗೆ ತಡೆಯಲಾಗಲಿಲ್ಲ, ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನನ್ನ ಹುಳಗಳಿಗೆ ಬಾಯಿಗೆ ಬಂದಂತೆ ಬೈದೆ. ತಿರುಗಿ ಬಂದಾಗ ಅತ್ತಿಗೆ ಫ್ರೀಜರಿನ ಬಾಗಿಲಿಗೆ ಅಂಗೈ ಒತ್ತಿಕೊಂಡು ನಿಂತಿದ್ದರು. ಒಳಗಿನ ಮೋಟಾರು ಗುಂಯ್‌ಗುಟ್ಟುತ್ತಿತ್ತು.

ಅವರನ್ನು ಬಾಟಲಿ ತೊಳೆಯುವ ಕೊಟ್ಟಿಗೆಗೆ ಹಾಕಿದರು. ದಿನವೆಲ್ಲ ತೊಳೆಯುವ ಸೋಡಾದ ನೀರಿನಲ್ಲಿ ಕೈ, ಬೆರಳ ತುದಿಗಳು ಸುಲಿದವು. ಊಟಕ್ಕೂ ನಮ್ಮ ಬಳಿ ಬರುವುದನ್ನು ಬಿಟ್ಟರು. ಅಕ್ಕ ದೊಡ್ಡ ಕಿಟಕಿಯ ಕೋಣೆಗೆ ಪಂಜರಗಳನ್ನು ಸಾಗಿಸಿಕೊಂಡಳು. ಗೆದ್ದವಳು ಹಿಗ್ಗಬೇಕೋ ಬೇಡವೋ? ಇವಳೋ, ಹುಳ ಕೊಬ್ಬಿದ್ದರೂ ಬೈದಳು, ಬಡಕಲಾಗಿದ್ದರೂ ಬೈದಳು. ಊಟದ ಹೊತ್ತಿಗೆ ಮೂರನೆಯ ಮಣೆಯನ್ನು ಎತ್ತಿಡು ಎಂದೂ ಹೇಳಲಿಲ್ಲ, ಹಾಕು ಎಂದೂ ಹೇಳಲಿಲ್ಲ.

ನಮ್ಮ ಹಿತ್ತಿಲಿನಲ್ಲಿ ಕಸದ ಡ್ರಮ್ಮುಗಳಿವೆ. ಕೊಳೆತ ಹಣ್ಣು, ಸತ್ತ ಹುಳ, ಎಲ್ಲ ಅದರೊಳಗೆ. ಏನೂ ಹಾರಿ ಹೋಗಬಾರದೆಂದು ಬಾಯಿಗೆ ತೆಳು ಬಿಳಿ ಬಟ್ಟೆ ಕಟ್ಟಿರುತ್ತದೆ. ತಿಂಗಳ ಕೊನೆಗೆ ಬಾಯ್ಲರ್ ತಾತ ಅದನ್ನೆಲ್ಲ ಕುದಿಯುವ ನೀರಿಗೆ ಸುರಿದು ಮುಗಿಸುತ್ತಾನೆ. ಆ ತಿಂಗಳ ಕೊನೆಯ ದಿನ ನಾನು ನನ್ನ ಸತ್ತ ಹುಳದ ಬಕೆಟ್ಟು ಹಿಡಿದು ಹೋದೆ. ಅಕ್ಕ ಆಗಲೇ ಅಲ್ಲಿದ್ದಳು. ಮೂಲೆಯ ಡ್ರಮ್ಮಿನ ಮೇಲೆ ಬಗ್ಗಿ ನಿಂತಿದ್ದಳು, ಕದಲುತ್ತಲೇ ಇರಲಿಲ್ಲ.

ಹತ್ತಿರ ಹೋಗಿ ನೋಡಿದೆ. ಬಟ್ಟೆಯ ಒಳಮೈಗೆ ಕಣಜಗಳು ಅಂಟಿಕೊಂಡು ಹರಿದಾಡುತ್ತಿದ್ದವು. ಒಂದಲ್ಲ ಎರಡಲ್ಲ, ಎಳ್ಳು ಚೆಲ್ಲಿದ ಹಾಗೆ. ಕಪ್ಪು. ಹಿಂದೆ ಉದ್ದನೆಯ ಸೂಜಿ.

"ಅಕ್ಕಾ, ಇವು ಕಪ್ಪು!"

"ನಂಗೂ ಕಣ್ಣಿದೆ."

ಬಾಯ್ಲರ್ ತಾತ ಅತ್ತ ಕಡೆಯಿಂದ ಬಂದ. "ಎತ್ಲೇನ್ರಮ್ಮಾ? ನೀರು ಕುದೀತಾ ಇದೆ" ಎಂದು ಡ್ರಮ್ಮಿನ ಹಿಡಿಗೆ ಕೈ ಚಾಚಿದ. ಅಕ್ಕ ಒಂದು ಮಾತೂ ಆಡದೆ ಪಕ್ಕಕ್ಕೆ ಸರಿದರೆ ಸಾಕು, ಕಿಟಕಿ ಅವಳದು, ಹುಳವೆಲ್ಲ ಅವಳದು, ಯಾವ ಪೀಡೆಯೂ ಇಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಡ್ರಮ್ಮನ್ನು ಎರಡೂ ಕೈಯಿಂದ ತಬ್ಬಿಕೊಂಡಳು.

"ಮುಟ್ಟಿದ್ರೆ ನಿನ್ನ ಕೈ ಮುರೀತೀನಿ, ತಾತ!"

ತಾತ ಎರಡು ಹೆಜ್ಜೆ ಹಿಂದಕ್ಕೆ ಹೋದ. ಅಕ್ಕ ಕೊಟ್ಟಿಗೆಯ ಕಡೆ ತಿರುಗಿ ಕೂಗಿದ್ದು ಬೀದಿಯ ತುದಿಗೂ ಕೇಳಿಸಿರಬೇಕು. "ಏ ಪುಣ್ಯಾತ್ಗಿತ್ತೀ! ಬಾರೇ ಇಲ್ಲಿ! ಬೇಗ ಬಾ!"

ಅತ್ತಿಗೆ ಒದ್ದೆ ಕೈಯಲ್ಲೇ ಓಡಿಬಂದರು, ಬರುವಾಗ ಕೊಟ್ಟಿಗೆಯ ಬಾಗಿಲಿಗೆ ಹಣೆ ಬಡಿಸಿಕೊಂಡೇ ಬಂದರು. ತಪ್ಪಾಗಿದೆ ಎಂದೇ ಎಣಿಸಿರಬೇಕು, ಮುಖ ಬಿಳಿಚಿತ್ತು.

"ಏನು ಹಾಕ್ತಿದ್ದೆ ಈ ಡ್ರಮ್ಮಲ್ಲಿ?" ಅಕ್ಕ ಕೇಳಿದಳು.

"ಬಿದ್ದ ಹಣ್ಣು ಅಕ್ಕಾ... ಬಲೆಮನೇದು. ಬೆಳಿಗ್ಗೆ ಬೆಳಿಗ್ಗೆ ಹೆಕ್ಕಿ ತಂದು ಹಾಕ್ತಿದ್ದೆ. ಗಿಡ ಮುಟ್ಟಿಲ್ಲ, ನಿಮ್ಮಾಣೆ. ನೆಲದ್ದು ಮಾತ್ರ."

ನನಗೆ ಆಗ ಹೊಳೆಯಿತು. ಹುಳ ಕೊರೆದು ಒಳಹೊಕ್ಕ ಹಣ್ಣು ಗಿಡದಲ್ಲಿ ನಿಲ್ಲುವುದಿಲ್ಲ, ತೊಟ್ಟು ಸಡಿಲವಾಗಿ ಉದುರುತ್ತದೆ. ಆ ಹಣ್ಣಿನೊಳಗಿನ ಹುಳ ಕೆಂಪಿಗೆ ಎಟಕುವುದಿಲ್ಲ, ಕಪ್ಪಿನ ಉದ್ದ ಸೂಜಿಗೆ ಎಟಕುತ್ತದೆ. ಕಪ್ಪು ಗೆದ್ದದ್ದೆಲ್ಲ ನೆಲಕ್ಕೆ ಬಿದ್ದಿತ್ತು. ಅದನ್ನು ದಿನದಿನವೂ ಅತ್ತಿಗೆ ತಮ್ಮ ಕೈಯಾರೆ ಹೆಕ್ಕಿ ಕಸಕ್ಕೆ ಸುರಿದಿದ್ದರು.

"ನಿಂಗೆ ಯಾರೇ ಹೇಳಿದ್ದು ಹೆಕ್ಕೋಕೆ?" ಅಕ್ಕನ ದನಿ ಒಡೆದಿತ್ತು.

ಅತ್ತಿಗೆ ನಿಜಕ್ಕೂ ಅರ್ಥವಾಗದವರಂತೆ ಅವಳನ್ನೇ ನೋಡಿದರು. "ನೀವೇ ಹೇಳಿದ್ರಲ್ಲ ಅಕ್ಕಾ."

ಅಕ್ಕ ಡ್ರಮ್ಮಿನಿಂದ ಕೈ ತೆಗೆದು ಜಾಗ ಬಿಟ್ಟಳು. ಅತ್ತಿಗೆ ಡ್ರಮ್ಮಿನ ಮೇಲೆ ಬಗ್ಗಿದರು. ಆಗಲೇ ಬಟ್ಟೆಯ ಒಳಗಿನದು ಅವರ ಕಣ್ಣಿಗೆ ಬಿದ್ದದ್ದು. ಅಳುತ್ತಾರೆಂದುಕೊಂಡೆ. ಅಳಲಿಲ್ಲ. ಸುಲಿದ ಬೆರಳನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟು ನೋಡಿದರು, ಒಳಗಿನ ಕಣಜಗಳು ಆ ಬೆರಳಿನ ಕಡೆಗೆ ಹರಿದು ಬಂದವು.

"ಅಯ್ಯೋ, ಹಸಿದಿದಾವೆ. ಪುಟ್ಟಿ, ಸ್ವಲ್ಪ ಜೇನುತುಪ್ಪ ತಾ."

ನಾನು ಕದಲುವ ಮೊದಲೇ ಅಕ್ಕ ಹೊರಟಿದ್ದಳು. ಮಂಡಿನೋವಿನವಳು ಓಡುವುದನ್ನು ನೋಡಿ ತಾತ ಬಾಯಿ ತೆರೆದುಕೊಂಡು ನಿಂತ. ಅಕ್ಕ ತನ್ನ ಕೋಣೆಯಿಂದ ಜೇನಿನ ಹತ್ತಿ ತಂದಳು, ಇನ್ನೊಂದು ಕೈಯಲ್ಲಿ ಆ ಬೆಳಿಗ್ಗೆ ನನ್ನಿಂದ ಜಗಳವಾಡಿ ಒಯ್ದಿದ್ದ ಕೊಬ್ಬಿದ ಹುಳದ ತಟ್ಟೆ. ಹತ್ತಿಯನ್ನು ಕೊಡುವ ಮೊದಲು ತನ್ನ ಅಂಗೈಗೆ ಒತ್ತಿ ನೋಡಿದಳು.

ಮೇಡಂ ಬಂದರು, ಡ್ರಮ್ಮಿನ ಪಕ್ಕದಲ್ಲೇ ಬಕೆಟ್ಟು ಬೋರಲು ಹಾಕಿ ಕೂತು ಎಲ್ಲ ಕೇಳಿದರು. "ಗಿಡ ಮುಟ್ಟಬೇಡಿ ಅಂದೆ, ನೆಲದ ಬಗ್ಗೆ ನಾನೂ ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ" ಎಂದರು. ಡ್ರಮ್ಮಿನ ಕಣಜವನ್ನು ಎಣಿಸಿ ಸೇರಿಸಿದರೆ ಕಪ್ಪು ಕೆಂಪಿನ ಸರಿಸಮಕ್ಕೆ ಬಂತು. ಬಯಲಿನ ಹುಳ ಕೆಂಪಿಗೆ, ಒಳಗಿನ ಹುಳ ಕಪ್ಪಿಗೆ. ಒಂದಿಲ್ಲದಿದ್ದರೆ ತೋಟದ ಅರ್ಧ ಹುಳ ಆರಾಮಾಗಿ ಬದುಕುತ್ತದೆ. ಎರಡೂ ಇರಲಿ ಎಂದಾಯಿತು. ಫ್ರೀಜರಿಗೆ ಹೋದವು ಹೋದವೇ, ಆ ಸಂಕಟವನ್ನು ಅತ್ತಿಗೆ ಈಗಲೂ ಬಾಯಿಬಿಟ್ಟು ಹೇಳುವುದಿಲ್ಲ. ಅವರ ಕೋಣೆಯಲ್ಲಿ ಇಂದು ಇರುವ ಅಷ್ಟೂ ಕಣಜ ಆ ಕಸದ ಡ್ರಮ್ಮಿನ ಸಂತಾನ.

ನನ್ನ ಪಾಡು ಮಾತ್ರ ಮೊದಲಿನದೇ. ಕೋಣೆ ದೊಡ್ಡದು ಮಾಡಿಕೊಟ್ಟರು, ಆದರೂ ಬೆಳಗಾದರೆ ಎರಡು ಬಾಗಿಲು, ಎರಡು ತಟ್ಟೆ, ಅಕ್ಕನ ಕೂಗು. ಕಿಟಕಿಯ ಕೋಣೆಯನ್ನು ಅಕ್ಕ ಬಿಟ್ಟುಕೊಡಲು ಹೋದಳು. ಅತ್ತಿಗೆ, "ನಿಮ್ಮ ಕಣ್ಣಿಗೆ ಬೆಳಕು ಬೇಕು" ಎಂದು ಅಕ್ಕನ ಹಳೆಯ ಕತ್ತಲು ಕೋಣೆಯನ್ನೇ ಆರಿಸಿಕೊಂಡರು. ಕಪ್ಪುಗಳಿಗೆ ಕತ್ತಲೆಯೇ ಸರಿಯಂತೆ.

ಮೊನ್ನೆ ಮೂವರೂ ಬಲೆಮನೆಗೆ ಹೋಗಿದ್ದೆವು. ಕಾಲುದಾರಿಯಲ್ಲಿ ತೂತುಬಿದ್ದ ಟೊಮೆಟೊ ಒಂದು ಬಿದ್ದಿತ್ತು. ಅತ್ತಿಗೆಯ ಬೆನ್ನು ಅಭ್ಯಾಸಬಲದಿಂದ ಅರ್ಧ ಬಾಗಿತು, ಆಮೇಲೆ ಏನೋ ನೆನಪಾಗಿ ಹಾಗೇ ನಿಂತರು. ಅಕ್ಕ ಮಂಡಿ ಹಿಡಿದುಕೊಂಡು, ನರಳುತ್ತಾ, ತಾನೇ ಬಗ್ಗಿದಳು. ಹಣ್ಣನ್ನು ಸೆರಗಿನಲ್ಲಿ ಒರೆಸಿ ಅತ್ತಿಗೆಯ ಕೈಗಿಟ್ಟಳು.

"ತಗೋ, ನಿಂದು ಬಿದ್ದಿತ್ತು."